ಕಲ್ಲು ಬಿಟ್ಟ ಬಣ್ಣ

ನೀಲಿಯಕ್ಕನ ಬೆರಳ ತುದಿಗಳು ಯಾವತ್ತೂ ತಿಳಿನೀಲಿ. ಬಿಳಿ ಬಟ್ಟೆಯನ್ನು ಕೊನೆಯ ಸಲ ಜಾಲಿಸುವಾಗ ನೀರಿಗೆ ಹಾಕುವ ನೀಲಿ ಅವಳ ಉಗುರಿನ ಸಂದಿಗೆ ಸೇರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬೀದಿಗೆಲ್ಲ ಅವಳು ನೀಲಿಯಕ್ಕ. ಅವಳ ಗಂಡ ನೀಲಿಯಕ್ಕನ ಯಜಮಾನರು. ಆತನಿಗೆ ಅದರಿಂದ ಒಳಗೊಳಗೇ ಸ್ವಲ್ಪ ಬೇಜಾರಿತ್ತು.

ಮನೆಯ ಮುಂದಿನ ಕೋಣೆಯೇ ಲಾಂಡ್ರಿ. ಗೋಡೆಗೆ ಒತ್ತಿಕೊಂಡು ಒಂದು ಉದ್ದನೆಯ ಮೇಜು, ಮೇಜಿನ ಮೇಲೆ ಅಲ್ಲಲ್ಲಿ ಸುಟ್ಟ ಕಂಬಳಿ, ಕಂಬಳಿಯ ಮೇಲೆ ಇಸ್ತ್ರಿ ಪೆಟ್ಟಿಗೆ. ಹಿತ್ತಲಲ್ಲಿ ಮೂರು ಸಿಮೆಂಟಿನ ತೊಟ್ಟಿಗಳು: ನೆನೆಸುವುದಕ್ಕೆ ಒಂದು, ಒಗೆಯುವುದಕ್ಕೆ ಒಂದು, ಜಾಲಿಸುವುದಕ್ಕೆ ಒಂದು. ಅದರಾಚೆ ಒಣಹಾಕುವ ಹಗ್ಗಗಳು. ಒಗೆಯುವವಳು ನೀಲಿಯಕ್ಕ. ನೆನೆಸುವುದು, ಇಸ್ತ್ರಿ ಮಾಡುವುದು ಗಂಡನ ತಂಗಿಯ ಪಾಲು. ಗಂಡ ಮೋಟರ್ ಹಾಕುತ್ತಿದ್ದ, ಗಂಟು ಹೊರುತ್ತಿದ್ದ, ಉಳಿದ ಹೊತ್ತಿನಲ್ಲಿ ಸಲಹೆ ಕೊಡುತ್ತಿದ್ದ.

ಬಿಳಿಯ ವಿಷಯದಲ್ಲಿ ನೀಲಿಯಕ್ಕನ ಹಟ ದೊಡ್ಡದು. ಬೇರೆಯವರ ಕಣ್ಣಿಗೆ ಕಾಣದ ಕಲೆ ಅವಳಿಗೆ ಬಾಗಿಲಿನಿಂದಲೇ ಕಾಣುತ್ತಿತ್ತು. "ಬಿಳಿ ಅಂದ್ರೆ ಬಿಳಿ. ಪರವಾಗಿಲ್ಲ ಅನ್ನೋ ಬಿಳಿ, ನಡೆಯುತ್ತೆ ಅನ್ನೋ ಬಿಳಿ, ಅಂತೆಲ್ಲ ಇರಲ್ಲ" ಎನ್ನುತ್ತಿದ್ದಳು. ಆ ಹಟದಿಂದಲೇ ಮೂಲೆಯ ನರ್ಸಿಂಗ್ ಹೋಮಿನ ಬೆಡ್‌ಶೀಟುಗಳು ಅವಳ ಕೈಗೆ ಬಂದಿದ್ದವು. ಲಾಂಡ್ರಿಯ ಅರ್ಧಕ್ಕಿಂತ ಹೆಚ್ಚು ಕೆಲಸ ಅಲ್ಲಿಂದಲೇ. ಆ ಗಂಟು ನಿಂತರೆ ತೊಟ್ಟಿ ಒಣಗುತ್ತದೆ, ನಾದಿನಿ ಬೇರೆ ಕಡೆ ಕೆಲಸ ಹುಡುಕಬೇಕಾಗುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆ ವರ್ಷ ಹಿತ್ತಲಿನ ಬೋರ್‌ವೆಲ್ ಬತ್ತಿತು. ಗಂಡ ಬೋರಿನವನನ್ನು ಕರೆಸಿ ಅದನ್ನೇ ಇನ್ನಷ್ಟು ಆಳಕ್ಕೆ ಕೊರೆಸಿದ. ಮೇಲೆ ಬಂದ ಕಲ್ಲಿನ ಪುಡಿ ಮೊದಲು ಕಂದು ಇತ್ತು, ಆಮೇಲೆ ಬೂದಿ ಬಣ್ಣ, ಕೊನೆಗೆ ಕಾಡಿಗೆಯಂತೆ ಕಪ್ಪು. "ಈ ಕರಿಕಲ್ಲಿನ ಸೀಳಲ್ಲಿ ನೀರು ಸಿಕ್ರೆ ಬತ್ತೋ ಮಾತೇ ಇಲ್ಲ ಯಜಮಾನ್ರೇ" ಎಂದು ಬೋರಿನವನು ಹೇಳಿದ. ಸಿಕ್ಕಿತು. ಗಂಡ ಲೋಟವನ್ನು ಬಿಸಿಲಿಗೆ ಹಿಡಿದು, "ನೋಡೇ, ಲೋಟ ಖಾಲಿ ಇದೆಯೇನೋ ಅನ್ಸುತ್ತೆ, ಅಷ್ಟು ತಿಳಿ" ಎಂದು ಹಿಗ್ಗಿದ. ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಕುಡಿಸಿದ. ಒಬ್ಬಿಬ್ಬರು ಬಾಯಿ ಚಪ್ಪರಿಸಿ, "ಯಾಕೋ ಮೊಳೆ ಚೀಪಿದ ಹಾಗಿದೆ" ಎಂದರು. ಅಂಥವರಿಗೆ ಎರಡನೇ ಲೋಟ ಸಿಗಲಿಲ್ಲ.

ಕಲೆಗಳು ಶುರುವಾದದ್ದು ಆಮೇಲೆ. ಒಗೆದು ಒಣಹಾಕಿದ ಬೆಡ್‌ಶೀಟಿನ ಮೇಲೆ ಹಳದಿಯೂ ಅಲ್ಲದ ಕೆಂಪೂ ಅಲ್ಲದ ಚುಕ್ಕೆಗಳು. ಮೊದಲು ಅಂಚಿನಲ್ಲಿ, ಆಮೇಲೆ ನಟ್ಟನಡುವೆ. ಕಲೆ ಕಂಡ ಕೂಡಲೇ ನೀಲಿಯಕ್ಕ ಇಷ್ಟು ವರ್ಷ ಮಾಡಿದ್ದನ್ನೇ ಮಾಡಿದಳು. ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಸುರಿದು ಮತ್ತೆ ನೆನೆಸಿದಳು. ಕಲೆ ಇನ್ನೂ ಗಾಢವಾಯಿತು. ಇನ್ನಷ್ಟು ಸುರಿದಳು. ಬೆಡ್‌ಶೀಟಿಗೆ ಬೆಡ್‌ಶೀಟೇ ಹಳೆಯ ಕಾಗದದ ಬಣ್ಣಕ್ಕೆ ತಿರುಗಿತು.

"ಹಗ್ಗದ ಕೊಕ್ಕೆಗೆ ತುಕ್ಕು ಹಿಡಿದಿದೆ" ಎಂದು ಕೊಕ್ಕೆಗಳನ್ನೆಲ್ಲ ಕಿತ್ತು ಎಸೆದಳು. ಸೋಪು ಕೆಟ್ಟದ್ದೆಂದು ಅಂಗಡಿಯವನ ಹತ್ತಿರ ಜಗಳವಾಡಿ ಬಂದಳು. ಹಗ್ಗದ ಮೇಲೆ ಕೂರುತ್ತಿದ್ದ ಕಾಗೆಗಳ ಮೇಲೂ ಎರಡು ದಿನ ಅನುಮಾನಪಟ್ಟಳು. ಕೊನೆಗೆ ಅವಳ ಕಣ್ಣು ಮನೆಯೊಳಗೇ ತಿರುಗಿತು.

"ಬಾಗಿಲ ಹತ್ರ ಇರೋ ಆ ಹಳೇ ಬಕೆಟ್ಟಲ್ಲಿ ನೆನೆಸಿದೆಯಾ?"

"ಇಲ್ಲ ಅತ್ತಿಗೆ."

"ಇಸ್ತ್ರಿ ಪೆಟ್ಟಿಗೆ ತಳ ಒರೆಸಿದೆಯಾ?"

"ಒರೆಸಿದೀನಿ. ಬೇಕಿದ್ರೆ ನಿಮ್ಮ ಸೆರಗಲ್ಲೇ ಒರೆಸಿ ತೋರಿಸ್ತೀನಿ" ಎಂದಳು ನಾದಿನಿ. "ಕಲೆ ಹಗ್ಗದ ಮೇಲಿರುವಾಗಲೇ ಬಂದಿರುತ್ತೆ. ನನ್ನ ಮೇಜಿಗೆ ಬರೋ ಹೊತ್ತಿಗೆ ಅದು ಬಟ್ಟೆಗೆ ಹಳೇ ನೆಂಟ ಆಗಿರುತ್ತೆ."

"ಮಾತಿಗೇನೂ ಕಮ್ಮಿ ಇಲ್ಲ."

ಗಂಡ ನಡುವೆ ಬಂದ. "ಇಬ್ರೂ ಸುಮ್ನಿರಿ. ನಾನು ಹೇಳ್ಲಾ ಏನಾಗಿದೆ ಅಂತ?"

"ಬೇಡ" ಎಂದರು ಇಬ್ಬರೂ ಒಟ್ಟಿಗೆ.

ನರ್ಸಿಂಗ್ ಹೋಮಿನ ದೊಡ್ಡ ಸಿಸ್ಟರ್ ಕಡಿಮೆ ಮಾತಿನವರು. ಒಂದು ಬೆಡ್‌ಶೀಟನ್ನು ಬಿಚ್ಚಿ, ಎರಡು ಕೈಯಲ್ಲಿ ಹಿಡಿದು, ನೀಲಿಯಕ್ಕನ ಮುಖದ ಮುಂದೆ ಚಾಚಿದರು. "ಇದನ್ನ ಹಾಸಿದ್ರೆ ಪೇಷಂಟ್ ಕಡೆಯವರು ಹಿಂದಿನವರ ರಕ್ತ ಹೋಗಿಲ್ಲ ಅಂತಾರೆ. ನಾನು ಏನು ಅಂತ ಉತ್ತರ ಕೊಡಲಿ?"

"ಒಗೆದಿದೀನಿ ಸಿಸ್ಟರ್. ಎರಡೆರಡು ಸಲ."

"ಎಷ್ಟು ಸಲ ಅಂತ ಬೆಡ್‌ಶೀಟ್ ಮೇಲೆ ಬರೆದಿರಲ್ವಲ್ಲ ನೀಲಿಯಕ್ಕ. ಈ ತಿಂಗಳು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಮನೆಗೆ ಬರುವ ದಾರಿಯುದ್ದಕ್ಕೂ ನೀಲಿಯಕ್ಕನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ತೋರದ ಸಿಟ್ಟು ಬಹಳ ಕಷ್ಟದ್ದು. ಅದನ್ನು ಹೊತ್ತುಕೊಂಡು ಓಡಾಡಬೇಕಾಗುತ್ತದೆ.

ಒಮ್ಮೆ ನೀರನ್ನೇ ಪರೀಕ್ಷೆ ಮಾಡಿಸಿದರೆ ಹೇಗೆ ಎಂದು ಹೇಳಿದ್ದು ನಾದಿನಿ. ಗಂಡನಿಗೆ ಅದು ತನ್ನ ಮೇಲೆಯೇ ದೂರು ಕೊಟ್ಟ ಹಾಗಾಯಿತು. ಆದರೂ ನೀಲಿಯಕ್ಕ ಹಟ ಹಿಡಿದಳು. ನೀರಿನ ಲ್ಯಾಬಿಗೆ ಒಂದು ಬಾಟಲಿ ನೀರು ಕೊಟ್ಟರೆ ಅವರು ಅದರಲ್ಲಿ ಏನೇನಿದೆ ಎಂದು ಹೇಳುತ್ತಾರೆ.

ಬಾಟಲಿ ತುಂಬಿಸುವ ಕೆಲಸವನ್ನು ಅವಳು ಬೇರೆ ಯಾರ ಕೈಗೂ ಬಿಡಲಿಲ್ಲ. ಬಾಟಲಿಯನ್ನು ಕುದಿಯುವ ನೀರಿನಲ್ಲಿ ಅದ್ದಿದಳು. ಬೋರ್‌ವೆಲ್ ನೀರನ್ನು ಅಗಲವಾದ ಪಾತ್ರೆಯಲ್ಲಿ ಹಿಡಿದು ಒಂದು ದಿನ ಹಾಗೇ ಇಟ್ಟಳು. ತಳದಲ್ಲಿ ಏನೋ ಸ್ವಲ್ಪ ಕೂತಂತೆ ಕಂಡಿತು. ಹೊರಗಿನವರ ಮುಂದೆ ಕೊಳಕು ಇಡುವುದು ಅವಳ ಜಾಯಮಾನವಲ್ಲ. ತಳವನ್ನು ಅಲುಗಿಸದೆ ಮೇಲಿನ ನೀರನ್ನು ಬಗ್ಗಿಸಿ, ಬಿಳಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಬಾಟಲಿಗೆ ತುಂಬಿ, ಹೊರಗಡೆಯನ್ನೂ ಒರೆಸಿ ಕಳಿಸಿದಳು. ಸೋಸಿದ ಬಟ್ಟೆ ಮಾಸಲಾಗಿತ್ತು. ಅದನ್ನು ಬ್ಲೀಚಿನಲ್ಲಿ ಹಾಕಿದಳು, ಅದು ಕಂದಾಯಿತು, ಥೂ ಎಂದು ನೆಲ ಒರೆಸಲು ಎಸೆದಳು.

ಲ್ಯಾಬಿನಿಂದ ಉತ್ತರ ಬಂತು. ನೀರಿನಲ್ಲಿ ಯಾವ ದೋಷವೂ ಇಲ್ಲ.

ಗಂಡ ಆ ಮಧ್ಯಾಹ್ನ ಹಿಗ್ಗಿನಲ್ಲಿ ಎರಡು ಸಲ ಊಟ ಮಾಡಿದ. "ನಾನು ಹೇಳಿರ್ಲಿಲ್ವಾ? ನೀರಿನ ತಪ್ಪಲ್ಲ, ಕೈಯ ತಪ್ಪು" ಎಂದ. ಯಾರ ಕೈ ಎಂದು ಹೇಳುವಷ್ಟು ಧೈರ್ಯ ಅವನಿಗಿರಲಿಲ್ಲ. ಆದರೆ ಬಟ್ಟೆಗೆ ತಾಗುತ್ತಿದ್ದದ್ದು ಎರಡೇ ಜೊತೆ ಕೈ, ಅವುಗಳಲ್ಲಿ ಒಂದು ಜೊತೆ ನೀಲಿಯಕ್ಕನದು. ಅವಳು ಇಸ್ತ್ರಿ ಮೇಜಿನ ಕಡೆ ನೋಡಿದಳು.

ನಾದಿನಿ ಇಸ್ತ್ರಿ ಪೆಟ್ಟಿಗೆಯನ್ನು ನಿಧಾನವಾಗಿ ಪಕ್ಕಕ್ಕಿಟ್ಟಳು. ಮಾರನೆಯ ದಿನದಿಂದ ಕೆಲಸಕ್ಕೇನೋ ಬಂದಳು, ಮಾತು ನಿಲ್ಲಿಸಿದಳು. ಹೇಳಬೇಕಾದ್ದನ್ನೆಲ್ಲ ಅಣ್ಣನ ಮೂಲಕ ಹೇಳುತ್ತಿದ್ದಳು. "ಅಣ್ಣ, ಅತ್ತಿಗೆಗೆ ಹೇಳು, ದಿಂಬಿನ ಕವರು ಮುಗಿದವು." ಅತ್ತಿಗೆ ಮೂರು ಅಡಿ ದೂರದಲ್ಲೇ ನಿಂತಿರುತ್ತಿದ್ದಳು. "ರೀ, ಅವಳಿಗೆ ಹೇಳಿ, ನನಗೆ ಕಿವಿ ಇದೆ." ಗಂಡ ಇಬ್ಬರಿಗೂ ತಲುಪಿಸಿ ತಲುಪಿಸಿ ಸಂಜೆಯ ಹೊತ್ತಿಗೆ ಸುಸ್ತಾಗುತ್ತಿದ್ದ.

ಇನ್ನು ಉಳಿದದ್ದು ಬೇರೆ ನೀರು ತಂದು ನೋಡುವುದು. ಎದುರು ಸಾಲಿನ ಬೇಕರಿಯವನ ಬೋರ್‌ವೆಲ್ಲಿನಿಂದ ಗಂಡ ಕೊಡ ಕೊಡ ಹೊತ್ತು ತಂದ. ಬೇಕರಿಯವನು ಮೊದಲೇ ಎಚ್ಚರಿಸಿದ್ದ: "ತಗೊಳ್ಳಿ ಅಣ್ಣ, ಬೇಡ ಅನ್ನಲ್ಲ. ಆದ್ರೆ ನನ್ನ ಕೆಟಲ್ ಒಳಗೆ ಒಮ್ಮೆ ನೋಡಿ. ಒಳಗಿಂದ ಸುಣ್ಣ ಬಳಿದ ಹಾಗಿದೆ." ಯಾರೂ ನೋಡಲಿಲ್ಲ. ಆ ನೀರಿನಲ್ಲಿ ಎಷ್ಟು ಸೋಪು ತಿಕ್ಕಿದರೂ ನೊರೆ ಬರಲಿಲ್ಲ. ಸೋಪು ಒಡೆದ ಹಾಲಿನ ಹಾಗೆ ತೇಲಿತು. ಒಣಗಿದ ಬೆಡ್‌ಶೀಟುಗಳಲ್ಲಿ ಕೆಂಪು ಚುಕ್ಕೆ ಇರಲಿಲ್ಲ, ನಿಜ. ಆದರೆ ಬೂದಿ ಬಣ್ಣಕ್ಕೆ ತಿರುಗಿ, ರಟ್ಟಿನ ಹಾಗೆ ಸೆಟೆದುಕೊಂಡಿದ್ದವು. ನೀಲಿಯಕ್ಕ ಒಂದನ್ನು ಗೋಡೆಗೆ ಒರಗಿಸಿದಳು. ಅದು ನಿಂತಿತು.

"ಅಣ್ಣ, ಅತ್ತಿಗೆಗೆ ಹೇಳು" ಎಂದಳು ನಾದಿನಿ, "ಇದನ್ನ ಹಾಸಿದ್ರೆ ಪೇಷಂಟ್ ಜಾರಿ ಬೀಳ್ತಾರೆ."

ನೀಲಿಯಕ್ಕನಿಗೆ ಸಾಕಾಗಿ ಹೋಯಿತು. ನೆಲ ಒರೆಸಲು ಎಸೆದಿದ್ದ ಆ ಸೋಸಿದ ಬಟ್ಟೆಯನ್ನೂ ಕೆಂಪು ಕಲೆಯಾಗಿ ಕೆಟ್ಟುಹೋದ ಬೆಡ್‌ಶೀಟೊಂದನ್ನೂ ಮಡಚಿ ಚೀಲಕ್ಕೆ ತುರುಕಿದಳು, ಲ್ಯಾಬಿಗೆ ಹೋದಳು. ಜಗಳಕ್ಕೆಂದೇ ಹೋದಳು. ಕೆಟ್ಟ ಬಟ್ಟೆ ಎಷ್ಟು ಹೆಚ್ಚಿದ್ದರೆ ಜಗಳಕ್ಕೆ ಅಷ್ಟು ಬಲ ಎಂಬುದು ಅವಳ ಲೆಕ್ಕ.

ಲ್ಯಾಬ್ ಎಂದರೆ ಒಂದು ಚಿಕ್ಕ ಕೋಣೆ. ಕಪಾಟಿನ ತುಂಬ ಬಗೆಬಗೆಯ ಬಾಟಲಿಗಳು: ಜ್ಯೂಸಿನದು, ಎಣ್ಣೆಯದು, ಔಷಧದ್ದು, ಒಂದು ಮಗುವಿನ ಹಾಲಿನ ಬಾಟಲಿ ಕೂಡ. ಅವುಗಳ ನಡುವೆ ಕನ್ನಡಕ ಹಾಕಿಕೊಂಡ ಒಬ್ಬಳು ಹುಡುಗಿ ಕೂತಿದ್ದಳು. ನೋಡಿದರೆ ಅವಳೂ ಬೆಳಗಿನಿಂದ ಯಾರ ಯಾರ ಮೇಲೋ ರೇಗಿ ದಣಿದಿದ್ದ ಹಾಗಿತ್ತು.

"ನೀರು ಸರಿ ಇದೆ ಅಂದ್ರಿ. ಸರಿ ಇರೋ ನೀರು ಹೀಗೆ ಮಾಡುತ್ತಾ?" ಎಂದು ನೀಲಿಯಕ್ಕ ಬೆಡ್‌ಶೀಟನ್ನು ಮೇಜಿನ ಮೇಲೆ ಹರಡಿದಳು.

ಹುಡುಗಿ ಕಲೆಯನ್ನು ಉಗುರಿನಿಂದ ಕೆರೆದು ನೋಡಿದಳು. "ಇದು ತುಕ್ಕು ಅಮ್ಮ. ಕಬ್ಬಿಣ. ಆದ್ರೆ ನೀವು ಕೊಟ್ಟ ನೀರಲ್ಲಿ ಕಬ್ಬಿಣ ಇರ್ಲಿಲ್ಲ ಅಂತಲೇ ಹೇಳ್ಬೇಕು. ಬಾಟಲಿ ಹೇಗೆ ತುಂಬಿಸಿದ್ರಿ?"

ಈ ಪ್ರಶ್ನೆ ನೀಲಿಯಕ್ಕನಿಗೆ ಇಷ್ಟವಾಯಿತು. ಕುದಿಸಿದ್ದು, ಒಂದು ದಿನ ಇಟ್ಟದ್ದು, ತಳ ಅಲುಗಿಸದೆ ಬಗ್ಗಿಸಿದ್ದು, ನಾಲ್ಕು ಮಡಿಕೆಯಲ್ಲಿ ಸೋಸಿದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಹುಡುಗಿ ಕೇಳುತ್ತ ಕೇಳುತ್ತ ಕನ್ನಡಕ ತೆಗೆದು, ಎರಡು ಕೈಯಿಂದಲೂ ಮುಖ ಒರೆಸಿಕೊಂಡಳು.

"ಅಮ್ಮ, ಕಾಯಿಲೆ ಇರೋರನ್ನ ಮನೇಲಿ ಮಲಗಿಸಿ, ಗಟ್ಟಿಮುಟ್ಟಾಗಿರೋ ಅವರ ತಮ್ಮನನ್ನ ಡಾಕ್ಟರ್ ಹತ್ರ ಕಳಿಸಿದ ಹಾಗಾಯ್ತು. ಆ ಸೋಸಿದ ಬಟ್ಟೆ ಎಲ್ಲಿದೆ?"

ನೀಲಿಯಕ್ಕ ಚೀಲದಿಂದ ಅದನ್ನು ಎಳೆದು ಕೊಟ್ಟಳು. ಹುಡುಗಿ ಅದನ್ನು ಬೆಳಕಿಗೆ ಹಿಡಿದಳು. ಕೇಳಿದ ಪ್ರಶ್ನೆಗೆಲ್ಲ ಉತ್ತರ ಅದರಲ್ಲೇ ಕಂದಾಗಿ ಕೂತಿತ್ತು.

"ಬೋರ್ ಕೊರೆಸುವಾಗ ಯಾವ ಬಣ್ಣದ ಕಲ್ಲು ಬಂತು?"

"ಕೊನೆಗೆ ಕಪ್ಪು."

"ಕೆಂಪು ಅಂಗಿ ಜೊತೆ ಬಿಳಿ ಅಂಗಿ ನೆನೆಸಿಟ್ರೆ ಏನಾಗುತ್ತೆ?"

"ಯಾರಾದ್ರೂ ನೆನೆಸ್ತಾರಾ?" ಎಂದಳು ನೀಲಿಯಕ್ಕ. ಪ್ರಶ್ನೆಯೇ ಅವಳಿಗೆ ಅವಮಾನ.

"ನೀವು ನೆನೆಸಲ್ಲ. ಆದ್ರೆ ನೆಲದ ಕೆಳಗೆ ನೀರು ಕಲ್ಲಿನ ಸೀಳಲ್ಲಿ ವರ್ಷಗಟ್ಟಲೆ ನೆನೀತಾ ಇರುತ್ತೆ. ಕಲ್ಲೂ ಬಣ್ಣ ಬಿಡುತ್ತೆ. ಯಾವ ಕಲ್ಲೋ ಆ ಬಣ್ಣ. ಕರಿಕಲ್ಲಲ್ಲಿ ಎಷ್ಟೋ ಕಡೆ ಕಬ್ಬಿಣ ಇರುತ್ತೆ, ನಿಮ್ಮಲ್ಲಿ ಅದನ್ನೇ ಬಿಟ್ಟಿದೆ. ಸುಣ್ಣದ ಕಲ್ಲಾದ್ರೆ ಸುಣ್ಣ ಬಿಡುತ್ತೆ."

"ಬೇಕರಿಯವನದು."

"ಏನು?"

"ಏನಿಲ್ಲ. ಮುಂದೆ ಹೇಳಮ್ಮ."

"ಅಷ್ಟು ಆಳದಲ್ಲಿ ಗಾಳಿ ಹೋಗಲ್ಲ. ಗಾಳಿ ಇಲ್ಲದ ಕಡೆ ಕಬ್ಬಿಣ ನೀರಲ್ಲಿ ಕರಗಿ ಸುಮ್ನೆ ಇರುತ್ತೆ, ಕಣ್ಣಿಗೆ ಕಾಣಲ್ಲ. ಮೇಲೆ ಬಂದು ಗಾಳಿ ತಾಗಿದ್ಮೇಲೆ ನಿಧಾನವಾಗಿ ತುಕ್ಕಾಗುತ್ತೆ. ಬ್ಲೀಚ್ ಹಾಕಿದ್ರೆ ನಿಧಾನ ಇಲ್ಲ, ತಕ್ಷಣ ಆಗುತ್ತೆ. ಬಟ್ಟೆ ಮೇಲೇ ಆಗುತ್ತೆ."

ನೀಲಿಯಕ್ಕ ಕುರ್ಚಿಯಲ್ಲಿ ಕೂತಳು. ಕಲೆ ತೆಗೆಯಲೆಂದು ಸುರಿದ ಒಂದೊಂದು ಹಿಡಿಯೂ ಕಲೆಯನ್ನು ಹಾಕಿದ್ದೇ ಎಂದಾಯಿತು. ಅವಳಿಗೆ ಎಲ್ಲರ ಮೇಲೂ ಸಿಟ್ಟಿತ್ತು. ಈಗ ಅದನ್ನೆಲ್ಲ ವಾಪಸು ತೆಗೆದುಕೊಳ್ಳಬೇಕಾಗಿ ಬಂದದ್ದು ಇನ್ನೊಂದು ಸಿಟ್ಟು.

"ಹಾಗಾದ್ರೆ ಇದಕ್ಕೆ ಏನು ಮಾಡ್ಲಿ?"

"ಬಾಟಲಿಗೆ ಮಾಡಿದ್ದನ್ನೇ ತೊಟ್ಟಿಗೂ ಮಾಡಿ. ನೀರನ್ನ ಮೇಲಿಂದ ಸಣ್ಣ ಸಣ್ಣ ತೂತಲ್ಲಿ ಬೀಳಿಸಿ, ಗಾಳಿ ತಾಗ್ಲಿ. ಒಂದು ದಿನ ನಿಲ್ಲಿಸಿ. ತಳ ಮುಟ್ಟದೆ ಮೇಲಿನದನ್ನ ಮರಳಲ್ಲಿ ಸೋಸಿ. ಬ್ಲೀಚ್ ಮುಟ್ಟಬೇಡಿ." ಹುಡುಗಿ ಕನ್ನಡಕ ಹಾಕಿಕೊಂಡಳು. "ಮತ್ತೆ, ಇನ್ನೊಂದು ಸಲ ಪರೀಕ್ಷೆಗೆ ಕೊಡೋದಾದ್ರೆ, ದಯವಿಟ್ಟು ಕೊಳಕು ನೀರೇ ಕೊಡಿ."

ಮನೆಯಲ್ಲಿ ಗಂಡನನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. "ಕಲ್ಲು ಬಣ್ಣ ಬಿಡುತ್ತಾ? ಕಲ್ಲು ಏನು ಸೀರೆನಾ?" ಎಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಕೇಳಿದ. ಕೊನೆಗೆ ನೀಲಿಯಕ್ಕ ಒಂದು ಲೋಟ ಬೋರ್‌ವೆಲ್ ನೀರಿಗೆ ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಿ ಅವನ ಎದುರಿಗಿಟ್ಟಳು. ಖಾಲಿ ಇದೆಯೇನೋ ಅನ್ನಿಸುವ ಲೋಟ ನೋಡುತ್ತಿದ್ದ ಹಾಗೆಯೇ ಚಹಾ ಬಣ್ಣಕ್ಕೆ ತಿರುಗಿತು. ಗಂಡ ಅದನ್ನು ಮತ್ತೆ ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ ಡ್ರಿಲ್ಲಿಂಗ್ ಮಷೀನ್ ಕೇಳಿಕೊಂಡು ಬರಲು ಹೋದ.

ಹಳೆಯ ತಗಡಿಗೆ ತೂತು ಕೊರೆದು, ತೊಟ್ಟಿಗಳಿಗೆ ನೀರು ಬಿಡುವ ಹಿತ್ತಲಿನ ಟ್ಯಾಂಕಿನ ಮೇಲೆ ಎತ್ತರಕ್ಕೆ ಕಟ್ಟಿದ. ತಗಡೇ ತುಕ್ಕು ಹಿಡಿದದ್ದು ಎಂದು ನೀಲಿಯಕ್ಕ ಹಣೆ ಚಚ್ಚಿಕೊಂಡಳು. ಪ್ಲಾಸ್ಟಿಕ್ಕಿನದು ಕಟ್ಟಿದ. ಮೊದಲ ದಿನ ಟ್ಯಾಂಕಿನ ತಳದ ನಲ್ಲಿಯನ್ನು ತಿರುಗಿಸಿ ಕೂತ ಕೆಸರನ್ನೆಲ್ಲ ತೊಟ್ಟಿಗೆ ಬಿಟ್ಟ. ನೀಲಿಯಕ್ಕ ಕೂಗಲು ಬಾಯಿ ತೆರೆಯುವಷ್ಟರಲ್ಲಿ ನಾದಿನಿ ಒಂದು ಪೈಪು ತಂದು, ಅದರ ತುದಿಗೆ ಮುಚ್ಚಿದ ಖಾಲಿ ಡಬ್ಬಿ ಕಟ್ಟಿ ನೀರ ಮೇಲೆ ತೇಲಿಬಿಟ್ಟಳು. ನೀರು ಎಷ್ಟು ಇಳಿದರೂ ಡಬ್ಬಿಯೂ ಜೊತೆಗೇ ಇಳಿದು, ಪೈಪು ಮೇಲಿನ ನೀರನ್ನೇ ಎಳೆದು ಮರಳಿನ ಬಕೆಟ್ಟಿಗೆ ಬಿಡುತ್ತಿತ್ತು.

ನೀಲಿಯಕ್ಕ ಅದನ್ನು ನೋಡುತ್ತ ನಿಂತಳು. "ರೀ, ಅವಳಿಗೆ ಹೇಳಿ" ಎಂದು ಶುರು ಮಾಡಿ, ನಿಲ್ಲಿಸಿದಳು. ನಾದಿನಿಯ ಕಡೆಗೇ ತಿರುಗಿದಳು. "ನಿನ್ನ ಮೇಲೆ ಸುಮ್ಸುಮ್ನೆ ಅನುಮಾನಪಟ್ಟೆ ಕಣೇ. ನನ್ನದೇ ತಪ್ಪು."

"ಅದು ನನಗೆ ಮೊದಲೇ ಗೊತ್ತಿತ್ತು ಅತ್ತಿಗೆ" ಎಂದಳು ನಾದಿನಿ, ಪೈಪು ಸರಿಪಡಿಸುತ್ತ. "ಪೈಪಿನ ಆ ತುದಿ ಹಿಡ್ಕೊಳ್ಳಿ."

ತಿಂಗಳ ಕೊನೆಯ ಗಂಟನ್ನು ಇಬ್ಬರೂ ಹೊತ್ತುಕೊಂಡು ಹೋದರು. ಗಂಡ ಟ್ಯಾಂಕ್ ನೋಡಿಕೊಳ್ಳಲು ಮನೆಯಲ್ಲೇ ಉಳಿದ. ದೊಡ್ಡ ಸಿಸ್ಟರ್ ಒಂದೊಂದೇ ಬೆಡ್‌ಶೀಟನ್ನು ಕಿಟಕಿಗೆ ಹಿಡಿದು ನೋಡಿದರು. ಹೊಸ ಕಲೆ ಒಂದೂ ಇರಲಿಲ್ಲ. ಹಳೆಯವು ತುಕ್ಕು ತೆಗೆಯುವ ಹುಳಿ ಪುಡಿಯಲ್ಲಿ ನೆನೆದು ಮಸುಕಾಗಿದ್ದವು, ಪೂರ್ತಿ ಹೋಗಿರಲಿಲ್ಲ. ಅವುಗಳನ್ನು ನೀಲಿಯಕ್ಕನೇ ಬೇರೆ ಮಾಡಿ ಕಟ್ಟಿದ್ದಳು.

"ಇವು ಬಿಳಿ. ಅವು ಬಿಳಿಯಲ್ಲ ಸಿಸ್ಟರ್. ಹಾಸಿಗೆ ಮೇಲೆ ಹಾಕಬೇಡಿ, ಬೇರೆ ಏನಕ್ಕಾದ್ರೂ ಇಟ್ಕೊಳ್ಳಿ."

"ಯಾವ ಬ್ಲೀಚ್ ಹಾಕಿದ್ರಿ? ಒಳ್ಳೇ ಬಿಳುಪು ಬಂದಿದೆ."

"ಬ್ಲೀಚ್ ಹಾಕಿಲ್ಲ. ನೆಲದ ಕೆಳಗೆ ಕರಿಕಲ್ಲಿದೆಯಲ್ಲ ಸಿಸ್ಟರ್, ಅದು ನೀರಿಗೆ..." ಸಿಸ್ಟರ್ ಕಣ್ಣು ಆಗಲೇ ಗಡಿಯಾರದ ಕಡೆ ಹೋಗಿತ್ತು. ನೀಲಿಯಕ್ಕ ಉಸಿರು ಬಿಟ್ಟಳು. "ಹೊಸ ಪೌಡರ್ ಸಿಸ್ಟರ್."

"ಸರಿ. ಇವತ್ತಿನ ಗಂಟು ತಗೊಂಡು ಹೋಗಿ. ಎಂದಿನಂತೆ ನಾಳೆ ಬೆಳಿಗ್ಗೆ ಬೇಕು."

ನಾದಿನಿ ಅತ್ತಿಗೆಯ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ನೀಲಿಯಕ್ಕ ದೊಡ್ಡ ಸಿಸ್ಟರಿಗೆ ಆಗುವುದಿಲ್ಲ ಎಂದದ್ದಿಲ್ಲ. ಹೂಂ ಎಂದರೆ ನೀರು ನಿಲ್ಲಿಸುವುದಕ್ಕೆ ಹೊತ್ತಿಲ್ಲ, ನಾಳೆಯೇ ಮತ್ತೆ ಕೆಂಪು ಚುಕ್ಕೆ.

"ನಾಳೆ ಆಗಲ್ಲ. ನೀರು ಒಂದು ದಿನ ನಿಲ್ಲಬೇಕು. ನಾಡಿದ್ದು ಸಂಜೆ ಕೊಡ್ತೀನಿ, ಇದೇ ಬಿಳುಪಲ್ಲಿ. ನಾಳೆಯೇ ಬೇಕು ಅಂದ್ರೆ ಬೇರೆಯವರಿಗೆ ಕೊಡಿ."

ದೊಡ್ಡ ಸಿಸ್ಟರ್ ಕೈಯಲ್ಲಿದ್ದ ಬೆಡ್‌ಶೀಟನ್ನು ಮತ್ತೆ ಕಿಟಕಿಗೆ ಹಿಡಿದರು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದು ಒಳಗಿನ ಕಪಾಟು ತೆರೆದರು. "ಇನ್ನೊಂದು ಸೆಟ್ ಹೊರಗೆ ತೆಗೀಬೇಕು. ಒಳ್ಳೇ ಕಾಟ ನಿಮ್ಮದು. ನಾಡಿದ್ದು ಅಂದ್ರೆ ನಾಡಿದ್ದು, ನೀಲಿಯಕ್ಕ."

ಗಂಟು ಹೊತ್ತು ಮನೆ ಸೇರಿದಾಗ ಗಂಡ ಹಿತ್ತಲಲ್ಲಿ ನಗುತ್ತ ನಿಂತಿದ್ದ. ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು, ಕೈಯಲ್ಲಿ ಬ್ರಷ್ ಇತ್ತು.

"ಟ್ಯಾಂಕ್ ತಳದಲ್ಲಿ ಎಷ್ಟು ಕೆಸರಿತ್ತು ಗೊತ್ತಾ? ಇಂಥ ಟ್ಯಾಂಕಿನ ನೀರಲ್ಲಿ ಬಟ್ಟೆ ಒಗೆಯೋದಾ ಅನ್ನಿಸ್ತು. ಎಲ್ಲಾ ಖಾಲಿ ಮಾಡಿ, ತಿಕ್ಕಿ, ಬಿಳಿ ಮಾಡಿ ಇಟ್ಟಿದೀನಿ. ಬಂದು ನೋಡು."

ಹಿಂದಿನ ರಾತ್ರಿಯಿಂದ ನಿಂತು ತಿಳಿಯಾಗುತ್ತಿದ್ದ ನೀರು ಚರಂಡಿಯಲ್ಲಿ ಹರಿದುಹೋಗುತ್ತಿತ್ತು. ಬೀದಿಯವರೆಗೂ ಹೋಗಿತ್ತು. ನಾದಿನಿ ಗಂಟನ್ನು ಮೆಲ್ಲಗೆ ಕೆಳಗಿಟ್ಟು, ಮುಖಕ್ಕೆ ಸೆರಗು ಒತ್ತಿಕೊಂಡು, ಗೋಡೆಯ ಕಡೆ ತಿರುಗಿದಳು. ನಗು ತಡೆಯಲಾಗದೆ ಅವಳ ಹೆಗಲು ಕುಲುಕುತ್ತಿತ್ತು.

ನೀಲಿಯಕ್ಕ ಟ್ಯಾಂಕಿನೊಳಗೆ ಇಣುಕಿದಳು. ತಳ ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ, ಅದೇ ಇನ್ನಷ್ಟು ರೇಗಿಸಿತು.

"ಮೋಟರ್ ಹಾಕಿ" ಎಂದಳು. "ಈಗಲೇ ಹಾಕಿ. ನಾಳೆ ಈ ಹೊತ್ತಿನವರೆಗೂ ಯಾರೂ, ಯಾವ ಕಾರಣಕ್ಕೂ, ಇದರ ಹತ್ತಿರ ಸುಳಿಯಬೇಡಿ. ನೀವಂತೂ ಬೇಡವೇ ಬೇಡ."

ಗಂಡ ಏನು ತಪ್ಪಾಯಿತೆಂದು ತಿಳಿಯದೆ ಬ್ರಷ್ ಕೆಳಗಿಟ್ಟು ಮೋಟರ್ ಹಾಕಿದ. ತೂತುಗಳಿಂದ ನೀರು ಎಳೆ ಎಳೆಯಾಗಿ, ಗಾಜಿನ ಹಾಗೆ ತಿಳಿಯಾಗಿ ಬೀಳತೊಡಗಿತು. ನೀಲಿಯಕ್ಕ ಅದರ ಪಕ್ಕದಲ್ಲೇ ಒಂದು ಸ್ಟೂಲ್ ಎಳೆದು ಹಾಕಿಕೊಂಡು ಕೂತಳು.